‘ಏನೂ ಹೇಳಿಲ್ಲ’ ಎಂದು ಬರೆದದ್ದು

ಡ್ರಾಯಿಂಗ್ ಹಾಳೆಯ ಮೇಲೆ ನಾನೆಳೆದ ಎರಡನೆಯ ಗೆರೆ ಕೆಳಗೆ ಬರುವಷ್ಟರಲ್ಲಿ ಅರ್ಧ ಸೆಂಟಿಮೀಟರ್ ಎಡಕ್ಕೆ ವಾಲಿತ್ತು. ಬೇರೆ ಹಾಳೆ ಇರಲಿಲ್ಲ, ಹಾಗೆಯೇ ಬರೆಯತೊಡಗಿದೆ.

ಆಗ ಎಂ.ಎಸ್ಸಿ. ಮುಗಿಸಿ ಕಮಲಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಪರಿಸರ ಅಧ್ಯಯನ ಕಲಿಸುತ್ತಿದ್ದೆ. ಕಲಬುರಗಿಯ ಖೂಬಾ ಪ್ಲಾಟಿನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೆಲಸ ತಾತ್ಕಾಲಿಕ. ಪ್ರತಿ ಜೂನ್‌ನಲ್ಲಿ ಪ್ರಿನ್ಸಿಪಾಲರು ಹೊಸ ಆದೇಶ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಚುನಾವಣೆಗೆ ಎರಡು ವಾರವಿತ್ತು. ಪಾಠ ಹವಾಮಾನ ಬದಲಾವಣೆಗೆ ಬಂದಿತ್ತು. ಓಟು ಕೇಳಲು ಬರುವವರು ಇದಕ್ಕೇನು ಮಾಡುತ್ತಾರಂತೆ ಎಂದು ಒಬ್ಬ ಹುಡುಗಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ಮೂರು ಪಕ್ಷಗಳ ಪ್ರಣಾಳಿಕೆಗಳನ್ನು ಸಂಪಾದಿಸಿ, ಓದಿ, ಮೂರು ಕಾಲಮ್ಮಿನ ಚಾರ್ಟ್ ಮಾಡಿ ವರಾಂಡದ ಗೋಡೆಗೆ ಹಚ್ಚಿದೆ. ಮೊದಲನೆಯ ಪಕ್ಷ ಬಿಸಿಲು, ಮಳೆ, ಕಾರ್ಖಾನೆಯ ಹೊಗೆ ಎಂದು ಒಂದು ಪುಟ ಬರೆದಿತ್ತು. ಎರಡನೆಯದು ಗಿಡ ನೆಡುವ ಬಗ್ಗೆ ನಾಲ್ಕು ಸಾಲು. ಮೂರನೆಯದರ ಎರಡು ಪುಟದ ಕರಪತ್ರದಲ್ಲಿ ರಸ್ತೆ, ರೇಷನ್, ಹಾಸ್ಟೆಲ್ ಇದ್ದವು. ಅದರ ಕಾಲಮ್ಮಿನಲ್ಲಿ ‘ಏನೂ ಹೇಳಿಲ್ಲ’ ಎಂದು ಬರೆದೆ.

ಮೂರನೆಯ ದಿನ ಪ್ರಿನ್ಸಿಪಾಲರು ಕರೆಸಿದರು. ಅವರೆದುರು ಕೆಂಪು ಬಾಳೆಯ ವ್ಯಾಪಾರಿಯೊಬ್ಬರು ಕುಳಿತಿದ್ದರು. ಆ ಮೂರನೆಯ ಪಕ್ಷದ ಊರ ಮುಖಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು.

“ಚಾರ್ಟಿನಾಗ ಎಲ್ಲಾರ ಮನಿ ತುಂಬಿಸೀರಿ, ನಮ್ಮದೊಂದೇ ಖಾಲಿ ಇಟ್ಟೀರಲ್ರಿ ಮೇಡಂ,” ಎಂದು ನಾಲ್ಕು ಪುಟದ ಕರಪತ್ರವೊಂದನ್ನು ಮುಂದೆ ಹಿಡಿದರು. ಕಲಬುರಗಿಯ ಶಹಾಬಜಾರದಲ್ಲಿ ಅಚ್ಚಾದದ್ದು, ಪೂರ್ತಿ ಉರ್ದು. ಕನ್ನಡದ್ದು ಅದರ ಅರ್ಧ ಮಾತ್ರವಂತೆ. “ಓದಲಿಕ್ಕ ಬರ್ತದೇನ್ರಿ?”

ಬರುವುದಿಲ್ಲ ಎಂದೆ. ಅವರು ನಕ್ಕು, ಕರಪತ್ರವನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಚಾರ್ಟ್ ತೆಗೆದುಬಿಟ್ಟರೆ ಎಲ್ಲ ಮುಗಿಯಿತು, ಯಾರೂ ನೆನಪಿಡುವುದಿಲ್ಲ ಎಂದರು ಪ್ರಿನ್ಸಿಪಾಲರು. ಒಂದು ದಿನ ಕೊಡಿ ಸರ್, ನೋಡುತ್ತೇನೆ ಎಂದು ಕೇಳಿದೆ.

“ನೋಡೂದೇನದರಿ ಇದರಾಗ? ಜೂನ್‌ದಾಗ ನಿಮ್ಮ ಫೈಲ್ ನಾನೇ ಕಮಿಟಿ ಮುಂದ ಇಡಬೇಕು. ಅದೊಂದು ನೆನಪಿರಲಿ.”

ಬಸ್ಸಿನಲ್ಲಿ ಕಿಟಕಿಯ ಕಂಬಿ ಮುಟ್ಟಲಾರದಷ್ಟು ಕಾದಿತ್ತು. ಕರಪತ್ರವನ್ನು ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಆ ಮನುಷ್ಯ ಸುಮ್ಮನೆ ಬೆದರಿಸಿರಲಿ, ಅದರಲ್ಲಿ ಏನೂ ಇಲ್ಲದಿರಲಿ ಎಂದು ದಾರಿಯುದ್ದಕ್ಕೂ ಬಯಸುತ್ತಿದ್ದೆ. ಕಪನೂರ ದಾಟುವಾಗ ಇನ್ನೊಂದು ವಿಷಯ ಹೊಳೆಯಿತು. ಮೊದಲ ಪಕ್ಷಕ್ಕೇ ಓಟು ಹಾಕಬೇಕೆಂದು ಚಾರ್ಟ್ ಬರೆಯುವ ಮೊದಲೇ ನಿರ್ಧರಿಸಿದ್ದೆ. ಅದರ ಪ್ರಣಾಳಿಕೆಗಾಗಿ ಎರಡು ಸಲ ಅಲೆದಿದ್ದೆ. ಮೂರನೆಯದರದು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕೈಗಿತ್ತದ್ದು. ಅದರಾಚೆ ಹುಡುಕಿರಲಿಲ್ಲ.

ಮನೆಯಲ್ಲಿ ಅಜ್ಜ ಚಹಾ ಕುಡಿದು ಕುಳಿತಿದ್ದರು. ನಿಜಾಮನ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ತಮ್ಮ ಸ್ವಂತಕ್ಕೆ ಬರೆದುಕೊಳ್ಳುವ ಚೀಟಿಗಳು ಆಗಲೂ ಉರ್ದುವಿನಲ್ಲೇ. ಚಿಕ್ಕಂದಿನಲ್ಲಿ ಕಲಿಸುತ್ತೇನೆಂದು ಕರೆದಾಗ ನಾನು ಓಡಿಹೋಗುತ್ತಿದ್ದೆ. ಕರಪತ್ರವನ್ನು ಕೊಟ್ಟೆ. ಭೂತಗನ್ನಡಿ ಹಿಡಿದು, ತುಟಿ ಅಲುಗಿಸುತ್ತ ಮೂರನೆಯ ಪುಟದವರೆಗೆ ಬಂದು ನಿಂತರು.

“ಇಲ್ಲಿ ಅದ ನೋಡವ್ವ,” ಎಂದರು. ಋತುಮಾನ ಬದಲಾಗುತ್ತಿದೆ, ಬಿಸಿಲು ಹೆಚ್ಚುತ್ತಿದೆ ಎಂದು ಆರಂಭಿಸಿ, ಕೆರೆಗಳ ಹೂಳು ತೆಗೆಯುವುದು, ಸರಕಾರಿ ಕಟ್ಟಡಗಳ ಮೇಲೆ ಸೌರಫಲಕ ಕೂಡಿಸುವುದು ಎಂದು ಏಳೆಂಟು ಸಾಲು. ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದರು. ನಾನು ಬರೆದುಕೊಂಡೆ.

ಇದೆಲ್ಲ ಬರೀ ಮಾತು ಅನಿಸುವುದಿಲ್ಲವೇ ಎಂದು ಕೇಳಿದೆ. ಸ್ವಲ್ಪ ಆಸೆಯಿಂದಲೇ ಕೇಳಿದೆ.

“ಮಾಡತಾರೋ ಬಿಡತಾರೋ ಆ ಗುರುರಾಯರಿಗೇ ಗೊತ್ತು. ಉಳಿದವರು ಬರದದ್ದೂ ಮಾತೇ ಅಲ್ಲೇನು? ಇವರು ಹೇಳ್ಯಾರ. ಹೇಳಿಲ್ಲ ಅಂತ ನೀ ಬರದದ್ದು ಸುಳ್ಳಾತು.”

ಚಾರ್ಟ್ ತೆಗೆದರೆ ತಪ್ಪು ಯಾರಿಗೂ ಕಾಣುವುದಿಲ್ಲ, ಕೆಲಸವೂ ಉಳಿಯಬಹುದು. ಆದರೆ ಮೂವತ್ತಾರು ಹುಡುಗ ಹುಡುಗಿಯರು ಆಗಲೇ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದರು. ಅವರಲ್ಲಿ ಎಷ್ಟೋ ಜನರಿಗೆ ಅದು ಮೊದಲ ಓಟು.

ಮರುದಿನ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದೆ. ಜವಾನರು ಬೀಗ ತೆಗೆದ ಕೂಡಲೇ ವರಾಂಡಕ್ಕೆ ಹೋಗಿ, ‘ಏನೂ ಹೇಳಿಲ್ಲ’ ಎಂಬುದರ ಮೇಲೆ ಒಂದು ಗೆರೆ ಎಳೆದೆ. ಅದರ ಕೆಳಗೆ ಆ ಏಳೆಂಟು ಸಾಲು ಬರೆದು, “ಉರ್ದು ಪ್ರತಿ ನೋಡದೆ ಬರೆದದ್ದು ನನ್ನ ತಪ್ಪು” ಎಂದು ಸೇರಿಸಿ ಸಹಿ ಮಾಡಿದೆ. ಆಮೇಲೆ ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಅವರಿಗಾಗಿ ಕಾದೆ.