ಇದನ್ನು ಯಾರು ಮಾಡಿದ್ದು?

ಮನೆಗೆ ಬಂದ ಪ್ಲಂಬರ್ ಮೊದಲು ಮಾಡುವ ಕೆಲಸವೇನು ಹೇಳಿ? ಚೀಲ ಬಿಚ್ಚುವುದಲ್ಲ. ಸೊಂಟದ ಮೇಲೆ ಕೈಯಿಟ್ಟು, ಸೋರುವ ನಲ್ಲಿಯನ್ನು ಹೆಣ ನೋಡುವ ಹಾಗೆ ನೋಡಿ, ‘ಇದನ್ನು ಯಾರು ಮಾಡಿದ್ದು?’ ಎಂದು ಕೇಳುವುದು. ಎಲೆಕ್ಟ್ರಿಷಿಯನ್ ಕೇಳುವುದೂ ಅದನ್ನೇ. ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ದೀಪ ಬಿಟ್ಟು ಕೇಳಿದ್ದೂ ಅದನ್ನೇ. ಅಷ್ಟೆಲ್ಲ ಓದಿದವರಿಗೂ ಬೇರೊಂದು ಪ್ರಶ್ನೆ ಹೊಳೆಯುವುದಿಲ್ಲ ಎಂದ ಮೇಲೆ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅಂಥ ನಷ್ಟವೇನೂ ಆಗಿಲ್ಲ ಎಂದುಕೊಂಡಿದ್ದೇನೆ.

ನಾನು ಅಡುಗೆಯವನು. ಹೊಳೆನರಸೀಪುರದ ಕಡೆಯಿಂದ ಮದ್ರಾಸಿಗೆ ಬಂದು, ತ್ರಿಪ್ಲಿಕೇನಿನ ಒಂದು ಮೆಸ್ಸಿನಲ್ಲಿ ಪಾತ್ರೆ ಉಜ್ಜಿ, ತರಕಾರಿ ಹೆಚ್ಚಿ, ಒಲೆಯ ಮುಂದೆ ನಿಲ್ಲುವ ಯೋಗ್ಯತೆ ಬರುವಷ್ಟರಲ್ಲಿ ಮೀಸೆಯೂ ಬಂದಿತ್ತು. ಈಗ ಮದುವೆ ಮುಂಜಿಗಳಿಗೆ ಹೋಗುವ ನನ್ನದೇ ತಂಡವಿದೆ. ಕ್ರೋಂಪೇಟೆಯಲ್ಲಿ ನನ್ನದೇ ಮನೆಯಿದೆ. ಮನೆ ನನ್ನದಾದ ಮೇಲೆ ಅದರ ಮೊಳೆ, ತಿರುಪು, ನಲ್ಲಿಗಳೆಲ್ಲ ನನ್ನ ಕೈಯಿಂದಲೇ ರಿಪೇರಿಯಾಗಬೇಕು ಎಂಬುದು ನನ್ನ ಸಿದ್ಧಾಂತ. ಐನೂರು ಜನರ ಸಾರನ್ನು ಹದಕ್ಕೆ ತರುವ ಕೈಗೆ ಒಂದು ನಲ್ಲಿ ಏನು ಮಹಾ? ಅಡುಗೆಮನೆಯಲ್ಲಿ ನಾನು ಹೊಡೆದ ಹಲಗೆ ಸ್ವಲ್ಪ ಪೂರ್ವಕ್ಕೆ ವಾಲಿದೆ, ನಿಜ. ಡಬ್ಬಗಳೆಲ್ಲ ಭಕ್ತಿಯಿಂದ ಆ ಕಡೆಗೇ ಜಾರುತ್ತವೆ. ಅದನ್ನು ದೋಷ ಎನ್ನುವವಳು ನನ್ನ ಹೆಂಡತಿ ಪದ್ಮ ಒಬ್ಬಳೇ.

ಇಷ್ಟಾಗಿಯೂ, ಬೇರೆಯವರು ತಮ್ಮ ಮನೆಯ ಸಮಾರಂಭಕ್ಕೆ ತಾವೇ ಅಡುಗೆ ಮಾಡಿಕೊಳ್ಳುತ್ತೇವೆ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಫೋನಿನಲ್ಲಿ ನಾಲ್ಕು ನಿಮಿಷದ ವಿಡಿಯೋ ನೋಡಿ ನೂರು ಎಲೆಗೆ ಬಿಸಿಬೇಳೆಬಾತ್ ಬಡಿಸಲು ಹೊರಡುವ ಧೀರರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ತಳ ಹತ್ತಿದ ಮೇಲೆ ನನ್ನನ್ನು ಕರೆಯುತ್ತಾರೆ. ಹೋದವನು ಸೊಂಟದ ಮೇಲೆ ಕೈಯಿಟ್ಟು ಏನು ಕೇಳುತ್ತೇನೆ ಎಂಬುದನ್ನು ನಿಮ್ಮ ಊಹೆಗೇ ಬಿಟ್ಟಿದ್ದೇನೆ.

ಅಡ್ಯಾರಿನ ಕನಕವಲ್ಲಿ ಅಮ್ಮನವರು ಅಂಥ ಧೈರ್ಯಕ್ಕೆ ಸಿದ್ಧರಾಗುತ್ತಿದ್ದರು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದು ಕನ್ನಡಕ್ಕೆ ತಮಿಳು ಬೆರೆತುಹೋದ ಶ್ರೀವೈಷ್ಣವರು, ಬ್ಯಾಂಕಿನಿಂದ ನಿವೃತ್ತರಾದವರು. ಮೊಮ್ಮಗನ ಮುಂಜಿಯ ಅಡುಗೆಯನ್ನು ನನಗೆ ಒಪ್ಪಿಸುವುದೋ, ಅಕ್ಕತಂಗಿಯರು ಸೇರಿ ತಾವೇ ಮಾಡುವುದೋ ಎಂಬ ಯೋಚನೆಯಲ್ಲಿದ್ದರು. ಅವರ ಬಳಗದಲ್ಲಿ ಒಮ್ಮೆ ಒಪ್ಪಿಗೆಯಾದ ಅಡುಗೆಯವನಿಗೆ ಅದೇ ಡಿಗ್ರಿ. ಶಾಲೆ ಕೊಡದ ಆ ಕಾಗದ ನನಗೆ ಬೇಕೇ ಬೇಕಾಗಿತ್ತು. ಶನಿವಾರ ಅವರ ಫೋನು ಬಂದಾಗ, ‘ಅಮ್ಮಾ, ಯಾವ ಕೆಲಸವಾದ್ರೂ ತಿಳಿದವರ ಕೈಗೆ ಕೊಡಬೇಕು. ಕೊಟ್ಟು ನೀವು ಹಾಯಾಗಿ ಕೂತ್ಕೊಳಿ’ ಎಂದು ದೀರ್ಘವಾಗಿ ಉಪದೇಶ ಮಾಡಿದೆ. ಆಗ ನಾನು ತಾರಸಿಯ ಮೇಲಿದ್ದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಪ್ಯಾನರು.

‘ನಾಳೆ ಬೆಳಗ್ಗೆ ನಿಮ್ಮ ಮನೆಗೇ ಬರ್ತೀನಿ. ಸಮೆಯಲ್ ಮಾಡೋರ ಅಡುಗೆಮನೆ ನೋಡಿಬಿಟ್ಟು ತಾನ್ ನಾನು ಹೇಳೋದು’ ಎಂದರು ಅಮ್ಮ.

ಸ್ಪ್ಯಾನರಿನ ಕಥೆ ಹೀಗೆ. ಚೆನ್ನೈಯ ಎಷ್ಟೋ ಮನೆಗಳ ಹಾಗೆ ನಮಗೂ ಎರಡು ನೀರು. ತಾರಸಿಯ ಮೇಲೆ ಎರಡು ಕಪ್ಪು ಟ್ಯಾಂಕು. ಒಂದರಲ್ಲಿ ಬಚ್ಚಲಿಗೆ, ಕಕ್ಕಸಿಗೆ ಬೋರಿನ ಉಪ್ಪುನೀರು, ಇನ್ನೊಂದರಲ್ಲಿ ಅಡುಗೆಗೆ ಲಾರಿಯ ಸಿಹಿನೀರು. ಎರಡರ ಕೆಳಗೂ ಪೈಪು ಸೋರುತ್ತಿತ್ತು. ‘ರೀ, ಸೆಲ್ವಂಗೆ ಒಂದು ಫೋನ್ ಮಾಡ್ರೀ. ನಾಳೆ ಅವರು ಬರ್ತಾರೆ’ ಎಂದಳು ಪದ್ಮ. ಸೆಲ್ವಂ ನಮ್ಮ ಬೀದಿಯ ಪ್ಲಂಬರ್. ‘ಇರೋದು ಎರಡು ಪೈಪು ಕಣೇ, ಇಪ್ಪತ್ತಲ್ಲ’ ಎಂದೆ. ಎರಡನ್ನೂ ಬಿಚ್ಚಿ, ಕೊಯ್ದು, ಅಂಟು ಬಳಿದು ಕೂಡಿಸಿದೆ. ಸಂಜೆಗೆ ಒಂದು ಹನಿಯೂ ಸೋರಲಿಲ್ಲ. ಪದ್ಮಳನ್ನು ಮೇಲೆ ಕರೆದು ತೋರಿಸಿದೆ ಕೂಡ.

ಭಾನುವಾರ ನಮ್ಮ ಮೊದಲ ಕಾಫಿಗೂ ಮುಂಚೆಯೇ ಅಮ್ಮ ಬಂದರು. ಒಲೆ ನೋಡಿದರು, ಪಾತ್ರೆ ನೋಡಿದರು, ಹಲಗೆಯನ್ನು ತಲೆ ವಾಲಿಸಿ ನೋಡಿದರು. ನಾನು ಕಾಫಿಗಿಟ್ಟೆ. ಕಾಫಿಯ ವಿಷಯದಲ್ಲಿ ನನ್ನವು ಎರಡು ನಿಯಮ. ಡಿಕಾಕ್ಷನ್ನಿಗೆ ಮಿಕ್ಕ ಅಡುಗೆಯ ಹಾಗೆ ಕೊಡದಲ್ಲಿಟ್ಟ ನೀರಲ್ಲ, ಆಗಷ್ಟೇ ನಲ್ಲಿಯಿಂದ ಹಿಡಿದ ನೀರೇ ಆಗಬೇಕು. ಎರಡನೆಯದು, ರುಚಿ ನೋಡುವ ಹಾಗಿಲ್ಲ. ದೇವರ ನೈವೇದ್ಯಕ್ಕೆ ಮೀಸಲಾದ ಅಡುಗೆಯನ್ನು ನಾಲಿಗೆಗೆ ಮುಟ್ಟಿಸದೆ, ಹಬೆಯ ವಾಸನೆಯಲ್ಲೇ ಉಪ್ಪು ಹುಳಿ ಅಳೆಯಲು ಕಲಿತವನು ನಾನು. ವಾಸನೆ ಘಮಘಮ ಎನ್ನುತ್ತಿತ್ತು. ಕೊಟ್ಟೆ.

ಅಮ್ಮ ಒಂದು ಗುಟುಕು ಕುಡಿದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಇನ್ನೊಂದು ಗುಟುಕು. ಲೋಟ ಖಾಲಿ ಮಾಡಿ ಕೆಳಗಿಟ್ಟರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಪದ್ಮ ತನ್ನ ಲೋಟ ಎತ್ತಿದಳು.

‘ರೀ, ಕಾಫಿಗೆ ಉಪ್ಪು ಹಾಕಿದ್ದೀರಾ?’

‘ಪರವಾಯಿಲ್ಲೆಮ್ಮಾ, ನಿಮ್ಮ ಊರ ಕಡೆ ಹೀಗೇ ಮಾಡೋದೋ ಏನೋ ಅಂತ ನೆನಚ್ಕೊಂಡೆ’ ಎಂದರು ಅಮ್ಮ.

ಪೈಪುಗಳನ್ನು ಅದಲುಬದಲು ಮಾಡಿದ್ದೆ. ಅಡುಗೆಮನೆಗೆ ಬೋರಿನ ನೀರು. ಲಾರಿಯಲ್ಲಿ ಬಂದ ಸಿಹಿನೀರೆಲ್ಲ ರಾತ್ರಿಯಿಂದ ಕಕ್ಕಸಿಗೆ. ಇಷ್ಟು ರಾಜವೈಭೋಗ ಕಂಡ ಕಕ್ಕಸು ಚೆನ್ನೈಯಲ್ಲಿ ಇನ್ನೊಂದಿರಲಾರದು.

ಪದ್ಮ ನನ್ನನ್ನು ಕೇಳದೆಯೇ ಸೆಲ್ವಂನನ್ನು ಕರೆಸಿದಳು. ಮಂಡಿನೋವಿದ್ದರೂ ಅಮ್ಮ ತಾರಸಿಗೆ ಹತ್ತಿಬಂದರು. ಇಂಥದ್ದನ್ನು ಯಾರು ತಪ್ಪಿಸಿಕೊಳ್ಳುತ್ತಾರೆ? ಸೆಲ್ವಂ ಚೀಲ ಕೆಳಗಿಟ್ಟ. ಸೊಂಟದ ಮೇಲೆ ಕೈಯಿಟ್ಟ. ‘ಇದ ಯಾರ್ ಅಣ್ಣೇ ಪಣ್ಣದು?’ ಎಂದ. ಯಾರು ಮಾಡಿದ್ದೆಂದು ಗೊತ್ತಿದ್ದೇ ಕೇಳಿದ ಎಂಬ ಅನುಮಾನ ನನಗೆ ಇಂದಿಗೂ ಇದೆ. ನಾನು ಆಕಾಶ ನೋಡಿದೆ. ಹದಿನೈದು ನಿಮಿಷದಲ್ಲಿ ಅವನು ನನ್ನ ಇಡೀ ದಿನದ ಸಾಧನೆಯನ್ನು ಕೊಯ್ದು, ತಿರುಗಿಸಿ, ಅಂಟಿಸಿ ಎದ್ದ.

ಡಿಗ್ರಿ ಹೋಯಿತು ಎಂದುಕೊಂಡೆ. ಮೆಟ್ಟಿಲಿಳಿಯುತ್ತ ಅಮ್ಮ ನಿಂತರು. ‘ನೆನ್ನೆ ಫೋನಲ್ಲಿ ಹೇಳಿದ್ರಲ್ಲ, ತಿಳಿದವರ ಕೈಗೆ ಕೊಡಬೇಕು ಅಂತ? ನೆನ್ನೆ ನಂಬಲಿಲ್ಲ. ಇವತ್ತು ರೊಂಬ ಚೆನ್ನಾಗಿ ಅರ್ಥ ಮಾಡಿಸಿದ್ರಿ. ಮುಂಜಿ ಅಡುಗೆ ನಿಮ್ಮದೇ.’ ಎರಡು ಮೆಟ್ಟಿಲು ಇಳಿದು ಮತ್ತೆ ತಿರುಗಿದರು. ‘ಪುಳಿಯೋಗರೆ ಮಾತ್ರ ನಾನ್ ತಾನ್ ಮಾಡೋದು. ನನಗೂ ಒಂದು ಪೈಪು ಬೇಡವಾ?’

ಆ ಮಾತನ್ನು ಬಹಳ ದಿನ ಮೆಲುಕು ಹಾಕಿದೆ. ಇಡೀ ಮನೆಯನ್ನು ತಿಳಿದವರ ಕೈಗೇ ಕೊಟ್ಟುಬಿಟ್ಟರೆ ಮನೆ ಸೊಗಸಾಗಿಯೇ ಇರುತ್ತದೆ. ನಾವು ಅದರೊಳಗಿನ ಅತಿಥಿಗಳಾಗುತ್ತೇವೆ, ಅಷ್ಟೇ. ಡಬ್ಬ ಜಾರುವ ಒಂದು ಹಲಗೆಯಾದರೂ ನಮ್ಮದು ಎನ್ನಲು ಇರಬೇಕು.

ಮುಂಜಿ ಚೆನ್ನಾಗಿಯೇ ಆಯಿತು. ನನ್ನ ಸಾರನ್ನು ಅಮ್ಮನ ಅಕ್ಕತಂಗಿಯರು ಎರಡು ಸಲ ಕೇಳಿ ಹಾಕಿಸಿಕೊಂಡರು. ಕೊನೆಯ ಪಂಕ್ತಿಯಲ್ಲಿ ನಾವು ಅಡುಗೆಯವರು ಕೂತೆವು. ಅಮ್ಮ ತಾವೇ ಬಂದು ನನ್ನ ಎಲೆಗೆ ಪುಳಿಯೋಗರೆ ಬಡಿಸಿ, ಅಲ್ಲೇ ನಿಂತರು. ಒಂದು ತುತ್ತು ತಿಂದೆ. ಉಪ್ಪು ವಿಪರೀತ, ಕಟ್ಟೆ ಒಡೆದ ಹಾಗೆ. ಮೂವತ್ತು ವರ್ಷದ ಅಭ್ಯಾಸ, ಪ್ರಶ್ನೆ ತಾನಾಗಿ ನಾಲಿಗೆಯ ತುದಿಗೆ ಬಂದು ನಿಂತಿತು. ತುತ್ತಿನ ಜೊತೆ ಅದನ್ನೂ ನುಂಗಿ, ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ ಎಲೆ ಮುಂದಕ್ಕೆ ಸರಿಸಿದೆ.

‘ಅಮ್ಮಾ, ಇನ್ನೊಂದು ಸ್ವಲ್ಪ ಹಾಕಿ.’