ವಾರಿಜಳ ಬೆರಳು

ವಾರಿಜಳ ಬೆರಳಿನಿಂದ ನನ್ನ ಸೌತೆ ಹಾಳಾಗಲಿಲ್ಲ. ಹಾಳು ಮಾಡಿದ್ದು ನಾನು — ನನ್ನ ಇದೇ ಕೈಯಿಂದ, ಹಾಡಹಗಲಲ್ಲಿ. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ಅವಳ ಬೆರಳಿನ ಮೇಲೆ ಹಾಕಿದೆ. ಇಷ್ಟು ವರ್ಷ ಆ ಸುಳ್ಳಿನ ನೆರಳಿನಲ್ಲೇ ಗಿಡಗಳಿಗೆ ನೀರು ಹೊಯ್ದೆ, ಅಡುಗೆ ಮಾಡಿದೆ, ಮಕ್ಕಳಿಗೆ ಅಕ್ಷರ ಕಲಿಸಿದೆ.

ನಾನು ಅಂಗನವಾಡಿ ಟೀಚರ್. ನನ್ನ ಗಂಡ ಶೀನ ಮಳೆಗಾಲದಲ್ಲಿ ಊರವರ ಅಡಿಕೆ ಮರಗಳಿಗೆ ಮದ್ದು ಬಿಡುತ್ತಾನೆ, ಉಳಿದ ದಿನ ಕೂಲಿ ಕೆಲಸ. ನಮಗೆ ಸ್ವಂತ ಗದ್ದೆ ಇಲ್ಲ. ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ. ಆದರೆ ಪೊಳಲಿಯಿಂದ ಈಚೆ, ಹೊಳೆಯ ಬದಿಯಲ್ಲಿ ಹಮೀದಾಕನ ದೊಡ್ಡ ಗದ್ದೆಯೊಂದಿದೆ. ಹಮೀದಾಕ ಎಂದರೆ ಪಾಣೆಮಂಗಳೂರಿನಲ್ಲಿ ಹಗ್ಗ, ಬುಟ್ಟಿ, ಹಾರೆ ಮಾರುವ ಬ್ಯಾರಿ ಸಾಹುಕಾರರು. ಎರಡನೆಯ ಬೆಳೆಯ ಕೊಯ್ಲಾದ ಮೇಲೆ ಮಳೆ ಬರುವವರೆಗೆ ಆ ಗದ್ದೆ ಖಾಲಿ. ಆಗ ಅವರು ತಮ್ಮ ಅಂಗಡಿಯಿಂದ ಹೊಸ ಹಗ್ಗವೊಂದನ್ನು ತಂದು, ಗದ್ದೆಯ ಉದ್ದಕ್ಕೆ ಎಳೆದು, ನಮ್ಮ ಓಣಿಯ ಹೆಂಗಸರಿಗೆ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಕೊಡುತ್ತಿದ್ದರು. ಸೌತೆ, ಬೆಂಡೆ, ಅಲಸಂಡೆ, ಹರಿವೆ — ಯಾರಿಗೆ ಏನು ಬೇಕೋ ಅದು. ಗದ್ದೆಯ ನಡುವೆ ಎಲ್ಲರಿಗೂ ಸೇರಿ ಒಂದೇ ನೀರಿನ ಹೊಂಡ.

ಅವರ ಷರತ್ತು ಒಂದೇ. ಮದ್ದು ಬಿಡಬಾರದು. ಹಿಂದೊಮ್ಮೆ ಯಾರೋ ಏನೋ ಬಿಟ್ಟು, ಅದು ಹೊಂಡಕ್ಕೆ ಇಳಿದು, ಆ ನೀರು ಕುಡಿದ ಅವರ ಗಬ್ಬದ ಎಮ್ಮೆ ಸತ್ತಿತ್ತು. "ಬೂದಿ ಹಾಕಿ, ಸೆಗಣಿ ಹಾಕಿ, ಬೇಕಾದರೆ ಹುಳಕ್ಕೆ ಬೈಯಿರಿ. ಮದ್ದು ಬಿಟ್ಟವರಿಗೆ ಮತ್ತೆ ಈ ಹಗ್ಗ ಇಲ್ಲ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಅದು ನಗೆಯ ಮಾತಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಆ ವರ್ಷ ನನ್ನ ಸೌತೆಬಳ್ಳಿಗಳ ಎಲೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಬಂತು. ಎಲ್ಲರ ಬಳ್ಳಿಯೂ ಹಬ್ಬುತ್ತಿದ್ದಾಗ ನನ್ನದು ಮಾತ್ರ ಸೊರಗಿತು. ಸಂಜೆ ನೀರು ಹೊಯ್ಯುವಾಗ ಹಮೀದಾಕ ಬದುವಿನ ಮೇಲೆ ನಿಂತು ಕೇಳಿದರು, "ಟೀಚರ್, ನಿಮ್ಮ ಸೌತೆಗಳು ದಿನಾ ಹಾಜರಿ ಹೇಳ್ತಾವಾ?"

ನಾನು ಬಾಯಿ ಬಿಡುವ ಮೊದಲೇ ಪಕ್ಕದ ಪಟ್ಟಿಯ ಕಲ್ಯಾಣಿಯಕ್ಕ, "ಹಾಜರಿ ಹೇಳ್ತಾವೆ ಕಾಕ, ತೂಕಕ್ಕೆ ನಿಲ್ಸಿದ್ರೆ ಮಾತ್ರ ನಾಪತ್ತೆ!" ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಲ್ಯಾಣಿಯಕ್ಕ ನಮ್ಮಲ್ಲಿ ಹಿರಿಯಳು, ಅವಳ ಬಾಯಿ ಹಾಗೆಯೇ. ಆದರೆ ಆ ನಗೆ ನನಗೆ ಚುಚ್ಚಿತು. ತಾಯಂದಿರನ್ನು ಕೂರಿಸಿಕೊಂಡು ಸೊಪ್ಪು ತರಕಾರಿಯ ಪಾಠ ಹೇಳುವ ಟೀಚರಿನ ಪಟ್ಟಿಯೇ ಎಲ್ಲರದ್ದಕ್ಕಿಂತ ಕಡೆ — ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇತ್ತೆಂದು ಹೇಳಿಕೊಳ್ಳಲು ನನಗೆ ಏನೂ ಇಲ್ಲ.

ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಡಬ್ಬಿಯೊಂದರಲ್ಲಿ ಮೈಲುತುತ್ತು ಉಳಿದಿತ್ತು. ಅಡಿಕೆಯ ಕೊಳೆರೋಗಕ್ಕೆ ಬಿಡುವ ನೀಲಿ ಹರಳು. ಶೀನ ಅದನ್ನು ನೀರಿನಲ್ಲಿ ಕರಗಿಸಿ ಸುಣ್ಣದ ತಿಳಿಯ ಜೊತೆ ಸೇರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಸುಣ್ಣ ಯಾಕೆಂದು ಕೇಳಿರಲಿಲ್ಲ. ಮರಕ್ಕೆ ಅಂಟಿಕೊಳ್ಳಲು ಇರಬೇಕು ಎಂದುಕೊಂಡಿದ್ದೆ. ಅಡಿಕೆಗೆ ಆಗುವುದು ಸೌತೆಗೆ ಯಾಕೆ ಆಗಬಾರದು?

ಎಲ್ಲರೂ ಊಟಕ್ಕೆ ಮನೆ ಸೇರುವ ಹೊತ್ತು ನೋಡಿ, ಕೊಡದಲ್ಲಿ ಹರಳು ಕರಗಿಸಿಕೊಂಡು ಹೋಗಿ, ಅಂಗಳ ಗುಡಿಸುವ ಹಿಡಿಸೂಡಿಯನ್ನು ಅದ್ದಿ ಅದ್ದಿ ಬಳ್ಳಿಗಳ ಮೇಲೆ ಚಿಮುಕಿಸಿದೆ. ಬಿಸಿಲು ನೆತ್ತಿಯ ಮೇಲಿತ್ತು. ಗಾಳಿಗೆ ಕಲ್ಯಾಣಿಯಕ್ಕನ ಪಟ್ಟಿಯ ಅಂಚಿಗೂ ಹನಿ ಹಾರಿತು. ನೋಡಿದೆ. ಅವಳಿಗೂ ಒಳ್ಳೆಯದೇ ಆಗಲಿ ಎಂದುಕೊಂಡೆ — ನಿಜವಾಗಿ ಹಾಗೆಯೇ ಅಂದುಕೊಂಡೆ.

ಇನ್ನು ವಾರಿಜ. ಕನ್ಯಾನದಿಂದ ನಮ್ಮ ಓಣಿಗೆ ಮದುವೆಯಾಗಿ ಬಂದ ಹುಡುಗಿ. ಗಂಡ ಮುಂಬಯಿಯ ಹೋಟೆಲು ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಎರಡು ಹೆಣ್ಣುಮಕ್ಕಳು. ಮನೆಯಲ್ಲಿ ಅತ್ತೆಯ ಮಾತು ಕೇಳುತ್ತಾ ಬೀಡಿ ಕಟ್ಟುವುದು, ಸಂಜೆಯಾದರೆ ಗದ್ದೆ. ಅವಳ ಹರಿವೆ, ಬೆಂಡೆಗಳೇ ಆ ಮನೆಯ ಸಾರು, ಪಲ್ಯ. ಮಿಕ್ಕಿದ್ದು ಕಟ್ಟು ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಆದರೆ ಆ ಪಟ್ಟಿ ಅವಳಿಗೆ ಅಷ್ಟಕ್ಕೇ ಅಲ್ಲ. ಅವಳು ದೊಡ್ಡದಾಗಿ ನಗುತ್ತಿದ್ದ ಜಾಗ ಅದೊಂದೇ. ಗದ್ದೆಗೆ ಇಳಿದರೆ ಅವಳ ಸ್ವರವೇ ಬೇರೆ.

ನಾನು ಮದ್ದು ಚಿಮುಕಿಸುವ ಹಿಂದಿನ ಸಂಜೆ ಅವಳು ನನ್ನ ಪಟ್ಟಿಯ ಬದಿಗೆ ಬಂದಿದ್ದಳು. ಎಲೆಯ ಅಡಿಯಲ್ಲಿ ಕಿರುಬೆರಳಿನಷ್ಟು ಮಿಡಿಗಳು ಮೂಡಿದ್ದನ್ನು ನನಗಿಂತ ಮೊದಲು ಕಂಡವಳು ಅವಳೇ. "ಟೀಚರಕ್ಕ, ಇಲ್ಲಿ ನೋಡಿ! ಇಲ್ಲೊಂದು, ಅಲ್ಲೊಂದು — ಎಷ್ಟು ಉಂಟು ಮಾರಾಯ್ರೆ!" ಎಂದು ತೋರುಬೆರಳು ಚಾಚಿ ಒಂದೊಂದನ್ನೇ ತೋರಿಸಿದಳು.

ಮಿಡಿಗೆ ಬೆರಳು ತೋರಿಸಬಾರದು. ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ತೋರಿಸಿದರೆ ಮಿಡಿ ಕೊಳೆಯುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ತಪ್ಪಿ ತೋರಿಸಿದರೆ ಆ ಬೆರಳನ್ನು ಕಚ್ಚಿಕೊಳ್ಳಬೇಕು.

"ಏ ಹೆಣ್ಣೇ, ಬೆರಳು ಕಚ್ಚು!" ಎಂದು ಕಲ್ಯಾಣಿಯಕ್ಕ ಗದರಿದಳು.

"ಕಚ್ಚುದೆಂತಕ್ಕೆ? ಟೀಚರಕ್ಕನ ಸೌತೆ ಕೊಯ್ದಾಗ ಅದನ್ನೇ ಕಚ್ತೇನೆ" ಎಂದು ವಾರಿಜ ನಕ್ಕಳು. ನಾನೂ ನಕ್ಕೆ. ಇಂಥ ನಂಬಿಕೆಗಳನ್ನು ನಂಬದ ಒಬ್ಬಳಾದರೂ ಆ ಗದ್ದೆಯಲ್ಲಿದ್ದರೆ ಅದು ನಾನು.

ಮದ್ದು ಚಿಮುಕಿಸಿದ ಮರುದಿನ ಸಂಜೆಗೆ ಎಲೆಯ ಅಂಚುಗಳು ಕಂದಿದವು. ಶೀನ ಅಂಗಳದಲ್ಲಿ ಹಿಡಿಸೂಡಿಯನ್ನು ಎತ್ತಿ ನೋಡಿದ. ಅದರ ತುದಿ ನೀಲಿಯಾಗಿತ್ತು.

"ಸುಣ್ಣ ಹಾಕಿದ್ದೀಯಾ?" ಎಂದು ಕೇಳಿದ.

"ಇಲ್ಲ."

"ಹಾಗಾದ್ರೆ ಸುಟ್ಟಿತು" ಎಂದ. ಬೇರೆ ಏನೂ ಹೇಳಲಿಲ್ಲ. ಇಂದಿನವರೆಗೂ ಹೇಳಿಲ್ಲ.

ಆದ್ದರಿಂದ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮಾರನೆಯ ಬೆಳಿಗ್ಗೆ ಗದ್ದೆಗೆ ಹೋದಾಗ ಹೆಂಗಸರೆಲ್ಲ ನನ್ನ ಪಟ್ಟಿಯ ಸುತ್ತ ನಿಂತಿದ್ದರು. ಮಿಡಿಗಳೆಲ್ಲ ಕಪ್ಪಾಗಿ ಮುದುಡಿದ್ದವು. ಕಲ್ಯಾಣಿಯಕ್ಕನ ಅಂಚಿನ ಬಳ್ಳಿಗಳೂ. ಬಿಸು ಹತ್ತಿರವಿತ್ತು — ಹೊಸ ವರ್ಷದ ಬೆಳಿಗ್ಗೆ ದೇವರ ಮುಂದೆ ಹಣ್ಣು ತರಕಾರಿಗಳ ಕಣಿ ಇಡಲು ಸ್ವಂತ ಗದ್ದೆಯ ಸೌತೆ ಬೇಕು ಎಂದು ಎಲ್ಲರಿಗೂ ಆಸೆ. ಕಲ್ಯಾಣಿಯಕ್ಕ ಎಲೆಯೊಂದನ್ನು ಕಿತ್ತು ಮೂಸಿದಳು. "ಇದು ಕೊಳೆತ ಹಾಗೆ ಇಲ್ಲ, ಸುಟ್ಟ ಹಾಗೆ ಉಂಟು. ಯಾರಾದರೂ ಮದ್ದು ಬಿಟ್ರಾ ಎಂತ?"

ನನ್ನ ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಟೀಚರ್, ನೀವು ಕಲಿತವರು. ನೀವೇ ಹೇಳಿ, ಎಂತ ಆದದ್ದು?" ಎಂದು ಕಲ್ಯಾಣಿಯಕ್ಕ ನನ್ನ ಕಡೆ ತಿರುಗಿದಳು.

ಆಗ ನಾನು ಹೇಳಿದೆ — "ಮೊನ್ನೆ ವಾರಿಜ ಬೆರಳು ತೋರಿಸಿದ್ದಲ್ವಾ..."

ಅಷ್ಟೇ. ವಾಕ್ಯವನ್ನು ಪೂರ್ತಿ ಕೂಡ ಮಾಡಲಿಲ್ಲ. ಪೂರ್ತಿ ಮಾಡುವ ಕೆಲಸವನ್ನು ಅವರೆಲ್ಲ ಸೇರಿ ಮಾಡಿದರು. ಟೀಚರೇ ಹೇಳಿದ ಮೇಲೆ ಇನ್ನೇನು ಎಂದರು. ಕಚ್ಚು ಅಂದರೂ ಕಚ್ಚಲಿಲ್ಲ ಎಂದರು. ಗಂಡ ಸುಮ್ಮನೆ ಬಿಟ್ಟು ಹೋದನಾ ಎಂದೂ ಒಬ್ಬಳು ಹೇಳಿದಳು. ವಾರಿಜ ಕೊಡ ಹಿಡಿದು ಹೊಂಡದ ಬಳಿ ನಿಂತಿದ್ದಳು. ಅವಳು ನೋಡಿದ್ದು ಬೈದವರನ್ನಲ್ಲ, ನನ್ನನ್ನು. ಟೀಚರಕ್ಕ ಈಗ ಇವರ ಬಾಯಿ ಮುಚ್ಚಿಸುತ್ತಾಳೆ ಎಂಬ ಹಾಗೆ.

ನಾನು ಬಗ್ಗಿ ಸತ್ತ ಬಳ್ಳಿಗಳನ್ನು ಕೀಳತೊಡಗಿದೆ.

ಮರುವರ್ಷ ಹಮೀದಾಕ ಹಗ್ಗ ಹಿಡಿದು ಬಂದಾಗ ವಾರಿಜ ಬರಲಿಲ್ಲ. ಅವರೇ ನನ್ನನ್ನು ಕಳಿಸಿದರು. ಅವಳು ಬಾಗಿಲಲ್ಲೇ ನಿಂತು, "ಬೇಡ ಟೀಚರಕ್ಕ. ನಿಮ್ಮೆಲ್ಲರ ಬೆಳೆಗೆ ನಾನು ಯಾಕೆ ಅಡ್ಡ?" ಎಂದಳು. ಅವಳ ತೋರುಬೆರಳು ಒಳಕ್ಕೆ ಮಡಚಿಕೊಂಡಿತ್ತು. ಅವರೆಲ್ಲ ನಂಬಿದ್ದು ಹಾಗಿರಲಿ, ಅವಳೇ ನಂಬಿಬಿಟ್ಟಿದ್ದಳು. ಆಗ ಹೇಳಬಹುದಿತ್ತು. ಹೊಸ್ತಿಲಲ್ಲಿ ನಾವಿಬ್ಬರೇ ಇದ್ದೆವು. ಹೇಳಿದರೆ ನನಗೆ ಹಗ್ಗ ಇಲ್ಲ, ಟೀಚರ್ ಎಂಬ ಮರ್ಯಾದೆ ಇಲ್ಲ... "ಆಯ್ತು" ಎಂದು ತಿರುಗಿ ಬಂದೆ. ಅವಳ ಪಟ್ಟಿಯನ್ನು ಎರಡು ಮಾಡಿ ಅರ್ಧ ಕಲ್ಯಾಣಿಯಕ್ಕನಿಗೆ, ಅರ್ಧ ನನಗೆ ಸೇರಿಸಿದರು. ಬೇಡ ಎನ್ನಲು ಕಾರಣ ಕೊಡಬೇಕಿತ್ತು. ನನ್ನ ಬಳಿ ಇದ್ದದ್ದು ಒಂದೇ ಕಾರಣ.

ಅವಳು ಮೂಡುಬಿದಿರೆ ರಸ್ತೆಯ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಬೆಳಿಗ್ಗೆ ಹೋದರೆ ಕತ್ತಲೆಗೆ ಬರುವುದು. ಸಿಪ್ಪೆಯ ಎಣ್ಣೆಗೆ ಕೈ ಕಪ್ಪಾಯಿತು, ಬೆರಳ ತುದಿಯ ಚರ್ಮ ಸುಲಿಯಿತು. ನಾನು ದಿನವೂ ಸಂಜೆ ಅವಳು ಹದ ಮಾಡಿದ ಮಣ್ಣಿನ ಮೇಲೆ ನೀರು ಹೊಯ್ದೆ. ಒಳ್ಳೆಯ ಮಣ್ಣು. ಹಾಕಿದ್ದೆಲ್ಲ ಬಂತು. ಮೊದಲ ಸಲ ಅಲ್ಲಿನ ಹರಿವೆಯ ಸಾಂಬಾರು ಮಾಡಿ ಬಡಿಸಿದಾಗ ಶೀನ ಅದನ್ನು ಮುಟ್ಟದೆ ಉಪ್ಪಿನಕಾಯಿ ಹಾಕಿಕೊಂಡ. ಪ್ರತಿ ವರ್ಷ ಹೊಸಬರು ಯಾರಾದರೂ ಗದ್ದೆಗೆ ಬಂದರೆ, "ಬೆರಳು ತೋರಿಸಬೇಡ, ಟೀಚರಿನ ಸೌತೆ ಹೋದ ಕತೆ ಕೇಳು" ಎನ್ನುತ್ತಿದ್ದರು. ಹೊಸಬರು ನನ್ನ ಕಡೆ ತಿರುಗುತ್ತಿದ್ದರು. ನಾನು ಹೌದು ಎಂದು ತಲೆ ಆಡಿಸಬೇಕು. ಆಡಿಸಿದೆ. ಪಟ್ಟಿ ಬಿಟ್ಟುಬಿಡೋಣ ಎಂದರೆ ಯಾಕೆ ಎಂದು ಕೇಳುತ್ತಾರೆ; ಇಟ್ಟುಕೊಂಡರೆ ದಿನವೂ ಆ ಮಣ್ಣು. ಹೋಗಲೂ ಆಗದೆ, ಇರಲೂ ಆಗದೆ ನಾನು ಅದರ ನಡುವೆಯೇ ಕೊಡ ಹೊತ್ತು ನಡೆದೆ.

ಇದಕ್ಕಿಂತ ಕಷ್ಟದ್ದು ಅಂಗನವಾಡಿಯಲ್ಲಿ ಕಾದಿತ್ತು. ವಾರಿಜಳ ಸಣ್ಣ ಮಗಳು ಹರಿಣಾಕ್ಷಿ ನನ್ನ ಬಳಿಗೇ ಬಂದಳು. ಗೋಡೆಯ ಮೇಲೆ ಹಕ್ಕಿಗಳ ಪಟ ಹಾಕಿ, "ಗಿಳಿ ಎಲ್ಲಿ ಉಂಟು? ತೋರಿಸಿ" ಎಂದೆ. ಮಕ್ಕಳೆಲ್ಲ ಬೆರಳು ಚಾಚಿ ಓಡಿದರು. ಆ ಮಗು ಮುಷ್ಟಿ ಬಿಗಿಹಿಡಿದು, ಮುಷ್ಟಿಯಿಂದಲೇ ಗಿಳಿಯನ್ನು ಮುಟ್ಟಿತು.

"ಬೆರಳಿನಿಂದ ತೋರಿಸು ಪುಟ್ಟಿ."

"ನಮ್ಮದು ತೋರಿಸ್ಲಿಕ್ಕಿಲ್ಲ ಟೀಚರ್" ಎಂದಿತು. ಚಪ್ಪಲಿ ಹೊರಗೆ ಬಿಡಬೇಕು ಎನ್ನುವಷ್ಟು ಸಹಜವಾಗಿ. "ಗಿಳಿ ಸಾಯ್ತದೆ."

ನಾನು ಪಟ ಸುತ್ತಿಟ್ಟು ಮಕ್ಕಳಿಗೆ ಗಂಜಿ ಬಡಿಸಿದೆ. ಆಗಲೂ ಹೇಳಲಿಲ್ಲ. ಆ ಮಗು ನನ್ನ ಕಣ್ಣೆದುರೇ ಅಂಗನವಾಡಿ ಮುಗಿಸಿ ಶಾಲೆಗೆ ಹೋಯಿತು.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಕಳೆದ ಮಳೆಗಾಲ ಮೂಡುಬಿದಿರೆಯಿಂದ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದಳು. ಮುದುಕಿಯೊಬ್ಬಳು, "ಪೊಳಲಿಗೆ ಎಲ್ಲಿ ಇಳಿಯುವುದು ಮಗಾ?" ಎಂದು ಕೇಳಿದಾಗ ಹರಿಣಾಕ್ಷಿ ಕಿಟಕಿಯ ಹೊರಗೆ ಗದ್ದ ಚಾಚಿ ತೋರಿಸಿದಳು. ಕೈಗಳು ಮಡಿಲಲ್ಲಿದ್ದವು. ಬೆರಳುಗಳು ಒಳಗೆ ಮಡಚಿದ್ದವು.

ಅದೇ ವಾರ ವಾರಿಜಳ ಮನೆಗೆ ಹೋದೆ. ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಮೈಲುತುತ್ತು, ಹಿಡಿಸೂಡಿ, ಮಧ್ಯಾಹ್ನದ ಬಿಸಿಲು, ಶೀನ ಕೇಳಿದ ಮಾತು — ಎಲ್ಲ. ಅವಳು ಚಾ ಮಾಡುತ್ತಾ ಕೇಳಿದಳು. ಕೊನೆಗೆ ಲೋಟ ನನ್ನ ಮುಂದೆ ಇಟ್ಟು, ಮಡಚಿದ ಬೆರಳಿನ ಗೆಣ್ಣಿನಿಂದ ಅದನ್ನು ನನ್ನ ಕಡೆಗೆ ತಳ್ಳಿದಳು.

"ನನ್ನ ಸಮಾಧಾನಕ್ಕೆ ಹೇಳ್ತೀರಿ ನೀವು. ನನಗೆ ಗೊತ್ತುಂಟು ಟೀಚರಕ್ಕ. ಎಲ್ಲರೂ ಬೈದರು, ನೀವು ಒಂದು ದಿನ ಬೈದವರಲ್ಲ."

"ಇಲ್ಲ ವಾರಿಜ, ನಿಜ..."

"ಚಾ ಕುಡಿಯಿರಿ. ತಣಿತದೆ."

ನಾನು ಕುಡಿದೆ. ಅವಳು ನನ್ನನ್ನು ಒಳ್ಳೆಯವಳೆಂದು ನಂಬಿದ್ದಾಳೆ. ಆ ನಂಬಿಕೆಯ ಒಳಗಿಂದ ನನ್ನ ಸತ್ಯ ಅವಳಿಗೆ ಕೇಳಿಸುವುದಿಲ್ಲ. ಬಾಯಿಮಾತಿನಿಂದ ಆದದ್ದು ಬಾಯಿಮಾತಿನಿಂದ ಹೋಗುತ್ತದೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಹೋಗುವುದಿಲ್ಲ.

ಈ ವರ್ಷವೂ ಹಮೀದಾಕ ಹಗ್ಗ ಎಳೆದಿದ್ದಾರೆ. ಅವರಿಗೆ ಈಗ ಬಗ್ಗಲು ಆಗುವುದಿಲ್ಲ, ಹಗ್ಗದ ಆ ತುದಿಯನ್ನು ನಾನೇ ಹಿಡಿದೆ. ವಾರಿಜಳಿಂದ ಬಂದ ಅರ್ಧ ಪಟ್ಟಿಯಲ್ಲಿ ಸೌತೆ ಮಾತ್ರ ಹಾಕಿದ್ದೇನೆ. ಮೊನ್ನೆ ಮಿಡಿ ಮೂಡಿದೆ. ಆದಿತ್ಯವಾರ ಬೆಳಿಗ್ಗೆ ಎಲ್ಲರೂ ನೀರು ಹೊಯ್ಯುವ ಹೊತ್ತಿಗೆ ಬರಬೇಕೆಂದು ವಾರಿಜಳಿಗೂ ಹರಿಣಾಕ್ಷಿಗೂ ಹೇಳಿ ಬಂದಿದ್ದೇನೆ, ಕಾರಣ ಹೇಳಿಲ್ಲ. ಹಮೀದಾಕನಿಗೆ ಮಾತ್ರ ಎಲ್ಲ ಹೇಳಿದ್ದೇನೆ. ಅವರು, "ಮದ್ದು ಹೊಂಡಕ್ಕೆ ತಾಗದ ಹಾಗೆ ಅಡ್ಡ ಏರಿ ಹಾಕಿ. ಆ ಮೇಲೆ ನಿಮಗೆ ಹಗ್ಗ ಇಲ್ಲ ಟೀಚರ್" ಎಂದರು. ಇಲ್ಲ ಎಂದು ನನಗೂ ಗೊತ್ತು. ನಿನ್ನೆ ಏರಿ ಹಾಕಿ ಮುಗಿಸಿದೆ.

ಅವಳು ಬೆರಳು ತೋರಿಸದ ಸೌತೆ, ನನ್ನ ಕೈಯಿಂದ, ಅವರೆಲ್ಲರ ಕಣ್ಣೆದುರು ಕಪ್ಪಾಗಬೇಕು. ಮಾರನೆಯ ದಿನವೂ ಬಂದು ನೋಡಲಿ. ಕಲ್ಯಾಣಿಯಕ್ಕ ಎಲೆ ಕಿತ್ತು ಮೂಸಲಿ. ಅಷ್ಟರಿಂದ ಒಂದು ಬೆರಳು ನೆಟ್ಟಗಾದೀತೇ — ಗೊತ್ತಿಲ್ಲ.

ಶೀನನಿಗೆ ಹೇಳಿ ಪೇಟೆಯಿಂದ ಮೈಲುತುತ್ತು ತರಿಸಿದ್ದೇನೆ. ಪೊಟ್ಟಣ ಕೈಗೆ ಕೊಡುತ್ತಾ ಅವನು ನನ್ನ ಮುಖ ನೋಡಿದ.

ಸುಣ್ಣ ತಂದಿರಲಿಲ್ಲ.