ಕಾಕಾ ಕೂಡಿಸಿದ ಪಂಪು

ನಮ್ಮ ಹಾನಗಲ್, ಶಿಗ್ಗಾಂವಿ ಕಡೆ ‘ಪಂಪ್ ಕೆಟ್ಟಿದೆ’ ಅಂತ ಅಪ್ಪಿತಪ್ಪಿಯೂ ಬಾಯಿ ಬಿಡಬಾರದು.

ನಾನು ಬಿಟ್ಟೆ. ಅದೂ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ. ‘ಎಷ್ಟು ಎಚ್‌ಪಿ ಐತ್ರಿ?’ ಅಂದರು ಒಬ್ಬರು. ‘ಬೋರು ಎಷ್ಟು ಫೂಟು?’ ಅಂದರು ಇನ್ನೊಬ್ಬರು. ‘ಬೋರಿಂದಲ್ರಿ, ಕಾರಿನ ಪಂಪು’ ಅಂದೆ. ಎಲ್ಲರೂ ಗ್ಲಾಸು ಕೆಳಗಿಟ್ಟರು. ಕಾರಿಗ್ಯಾಕ ಪಂಪು?

ಒಳ್ಳೆಯ ಪ್ರಶ್ನೆಯೇ. ನನ್ನದು ಸೆಕೆಂಡ್ ಹ್ಯಾಂಡ್ ಸೂಪರ್‌ಚಾರ್ಜರ್ ಕಾರು. (ಶಿಗ್ಗಾಂವಿಯಲ್ಲಿ ಕೂತವನಿಗೆ ಇದು ಯಾಕೆ ಬೇಕಿತ್ತು ಅಂತ ಹೆಂಡತಿ ಕೇಳಿದ್ದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.) ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣ್ಣಗೆ ಮಾಡಲು ಇಂಟರ್‌ಕೂಲರ್. ಅದರೊಳಗೆ ನೀರು. ಆ ನೀರನ್ನು ಸುತ್ತಿಸಲು ಮುಷ್ಟಿಯಷ್ಟು ದೊಡ್ಡ ಕರೆಂಟಿನ ಪಂಪು. ಅದು ಸತ್ತರೂ ಕಾರು ನಿಲ್ಲುವುದಿಲ್ಲ. ಆದರೆ ಬಿಸಿಲಲ್ಲಿ ಹೈವೇಗೆ ಹೋದರೆ ಏದುಸಿರು ಬಿಡುತ್ತದೆ.

ಸರಿ, ಬೇರೆ ಪಂಪು ಹಾಕಬೇಕು. ಯಾವುದು? ಕಂಪನಿಯದೇ ಹಾಕಿದರೆ ಮತ್ತೆ ಹೋಗುತ್ತದೆ ಅಂತ ಮೊಬೈಲಿನಲ್ಲಿ ಒಬ್ಬ. ಬೇರೆಯದು ಹಾಕಿದರೆ ಕಾರೇ ಹೋಗುತ್ತದೆ ಅಂತ ಇನ್ನೊಬ್ಬ. ಜಾಸ್ತಿ ನೀರು ತಳ್ಳುವುದು ಒಳ್ಳೆಯದೋ, ನಿಧಾನಕ್ಕೆ ತಳ್ಳುವುದೋ? ಮಗಳಿಗೆ ವರ ಹುಡುಕುವಾಗಲೂ ನಾನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಆ ಹೊತ್ತಿಗೆ ಸವಣೂರಿನಲ್ಲಿ ಖಾದರ್ ಕಾಕಾ ಸಿಕ್ಕರು. ನಮ್ಮ ಹೊಲದ ಬಾವಿಗೆ ಮೊದಲ ಮೋಟಾರು ಕೂಡಿಸಿದವರು ಅವರೇ. ವರದಾ ನದಿ ದಂಡೆಯ ಅರ್ಧ ಪಂಪ್‌ಸೆಟ್ಟುಗಳಿಗೆ ಅವರ ಕೈ ತಾಗಿದೆ. ಅಂಗಡಿಯನ್ನು ಈಗ ಮಗ ನೋಡುತ್ತಾನೆ. ಕಾಕಾ ಬಾಗಿಲ ಪಕ್ಕದ ಕುರ್ಚಿಯಲ್ಲಿರುತ್ತಾರೆ. ಗಿರಾಕಿಗಳು ಅವರಿಗೊಂದು ಸಲಾಂ ಹೇಳಿ, ಕೆಟ್ಟ ಮೋಟಾರನ್ನು ಒಳಗೆ ಮಗನ ಹತ್ತಿರ ಒಯ್ಯುತ್ತಾರೆ.

ನನ್ನ ಕಥೆ ಕೇಳಿ ಕಾಕಾ ಕುರ್ಚಿಯಿಂದ ಎದ್ದರು. ‘ಇಷ್ಟ ಹೇಳು ತಮ್ಮಾ. ನೀರು ಮ್ಯಾಲ ಎತ್ತಬೇಕೋ, ಬರೇ ತಿರಗಸಬೇಕೋ?’

‘ಬರೇ ತಿರಗಸಬೇಕ್ರಿ.’

‘ಹಂಗಾದ್ರ ದೊಡ್ಡದ್ಯಾಕ? ಮೊದಲಿನಷ್ಟ ನೀರು ಹೊಡಿಯೂದು ತಗೋ. ಕಾರ್ಬನ್ ಬ್ರಶ್ ಇಲ್ಲದ್ದು ನೋಡು, ಸವದು ಹೋಗೂದಿಲ್ಲ. ಮುಗೀತು!’

ಮುಗಿಯಿತು. ಪಂಪು ತರಿಸಿದೆ. ‘ನಾನ ಕೂಡಸ್ತೇನಿ’ ಅಂದರು ಕಾಕಾ. ಬಹಳ ಕಾಲದ ಮೇಲೆ ಅವರ ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ನೋಡಿದೆ. ಮುಖ ಮದುಮಗನದು. ಮಗ ಒಳಗಿನಿಂದ ಇಣುಕಿ ನೋಡಿ ನಕ್ಕ.

ಹಳೆಯ ಪಂಪು ಬಂಪರಿನ ಹಿಂದೆ, ತೀರ ಕೆಳಗೆ, ರಸ್ತೆಗೆ ತಾಗುವಂತೆ ಇತ್ತು. ಕಾಕಾ ತಲೆ ಅಲ್ಲಾಡಿಸಿದರು. ‘ಯಾವ ಶಾಣ್ಯಾ ಇಲ್ಲಿಟ್ಟಾನೋ! ತಗ್ಗಿನ ನೀರಾಗ ಮುಳುಗಿ ಸತ್ತೈತಿ. ಮೋಟಾರು ಯಾವಾಗ್ಲೂ ಎತ್ತರಕ್ಕಿರಬೇಕು.’ ವರದೆ ತುಂಬಿ ಬಂದಾಗ ಅವರು ಎತ್ತರದಲ್ಲಿ ಕೂಡಿಸಿದ ಮೋಟಾರುಗಳಷ್ಟೇ ಉಳಿಯುತ್ತಿದ್ದವು ಅಂತ ನಮ್ಮಪ್ಪ ಹೇಳುತ್ತಿದ್ದ. ಕಾಕಾ ಹೊಸ ಪಂಪನ್ನು ಬಾನೆಟ್ಟಿನ ಕೆಳಗೆ, ಇಂಟರ್‌ಕೂಲರಿನ ನೀರು ತುಂಬುವ ಡಬ್ಬಿಗಿಂತ ಮೇಲೆ ಕೂಡಿಸಿದರು.

ಪಂಪಿನ ಜೊತೆ ಬಂದ ಚೀಟಿಯಲ್ಲಿ ಒಂದು ಚಿತ್ರವಿತ್ತು. ಪಂಪು ಡಬ್ಬಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಗಾಳಿ ಹೊಕ್ಕು ನೀರು ಸಿಗುವುದಿಲ್ಲ ಅಂತ. ನಾನು ನೋಡಿದ್ದೆ. ಮಾತು ಬಾಯಿಯವರೆಗೂ ಬಂತು. ಆದರೆ ಆ ಮುಖ ನೋಡಿ ಹೇಗೆ ಹೇಳುವುದು? ಹಿರಿಯರು. ಮೇಲಾಗಿ ಪಂಪು ಸಣ್ಣಗೆ ಗುಂಯ್ ಅನ್ನುತ್ತಿತ್ತು. ‘ಭಾರಿ ಆತ್ರಿ ಕಾಕಾ’ ಅಂದೆ.

ಕೆಲವೇ ದಿನ. ಹುಬ್ಬಳ್ಳಿ ಹಾದಿಯಲ್ಲಿ ಕಾರು ಮತ್ತೆ ಏದುಸಿರು ಬಿಟ್ಟಿತು. ಶಿಗ್ಗಾಂವಿಯ ಮೆಕ್ಯಾನಿಕ್ ಬಸು ಪಂಪು ಬಿಚ್ಚಿ, ‘ನೀರಿಲ್ದ ಒಣಾ ಓಡಿ ಸುಟ್ಟೈತ್ರಿ’ ಅಂದ. ಅಂಥದ್ದೇ ಇನ್ನೊಂದು ತರಿಸಿ ಕೆಳಗೆ ಕೂಡಿಸಿದ. ಇಷ್ಟಕ್ಕೇ ಮುಗಿದಿದ್ದರೆ ಈ ವಾರ ಬೇರೆ ಏನಾದರೂ ಬರೆಯುತ್ತಿದ್ದೆ.

ಕಾಕಾ ಫೋನ್ ಮಾಡಿದರು. ‘ಪಂಪು ಹೆಂಗೈತಿ?’

‘ಹೋತ್ರಿ ಕಾಕಾ. ಮಾಲ ಸರಿ ಇರಲಿಲ್ಲ. ಕಂಪನಿ ತಪ್ಪು.’

‘ಆರಿಸಿದಾಂವ ನಾನು. ತಗೊಂಡ ಬಾ, ನೋಡೂಣು.’

ಒಯ್ಯಬಾರದಿತ್ತು. ಕಳೆದುಹೋಯಿತು ಅನ್ನಬಹುದಿತ್ತು. (ನೋಡಿ, ಈಗಲೂ ತಲೆಗೆ ಬರುವುದು ಇನ್ನೊಂದು ಸುಳ್ಳೇ!) ಒಯ್ದೆ. ಕಾಕಾ ಅದನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಒಳಗಿನ ಪ್ಲಾಸ್ಟಿಕ್ ಚಕ್ರ ಕರಗಿ ಅಂಟಿಕೊಂಡಿತ್ತು. ಸುಟ್ಟ ಮೋಟಾರುಗಳ ವಾಸನೆಯಲ್ಲೇ ಬದುಕು ಸವೆಸಿದ ಮನುಷ್ಯ. ಅವರಿಗೆ ಬಸು ಹೇಳಬೇಕೇ?

‘ಇದು ಒಣಾ ಓಡೈತಿ. ನಾ ಮ್ಯಾಲ ಇಟ್ಟಿದ್ದ ತಪ್ಪು. ನಿನಗ ಗೊತ್ತಿತ್ತೇನು?’

‘ಚೀಟಿಯೊಳಗ ಇತ್ರಿ...’

‘ಅವತ್ತ ಯಾಕ ಹೇಳಲಿಲ್ಲ?’

‘ನಿಮಗ ಬ್ಯಾಸರ ಆಕ್ಕೇತಿ ಅಂತ.’

ಕಾಕಾ ಪಂಪನ್ನು ನಿಧಾನವಾಗಿ ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

‘ನಿಮ್ಮಪ್ಪ ಬಾವಿಕಟ್ಟಿ ಮ್ಯಾಲ ನಿಂತು ಬೈತಿದ್ದ. ಏ ಖಾದರ, ತಪ್ಪು ಕೂಡಿಸೀ, ತಗೀ ಅಂತ. ನಾನೂ ತಿರುಗಿ ಬೈತಿದ್ದೆ. ತಗದು ಮತ್ತ ಕೂಡಿಸಿ, ಇಬ್ರೂ ಕುಂತು ಚಹಾ ಕುಡೀತಿದ್ವಿ. ನೀ ಬೈಲಿಲ್ಲ ತಮ್ಮಾ. ನಿನ್ನ ಲೆಕ್ಕದಾಗ ನಾ ಮಿಸ್ತ್ರಿ ಅಲ್ಲ, ಬರೇ ಮುದುಕ.’

ಗೌರವ ಕೊಟ್ಟೆ ಅಂದುಕೊಂಡಿದ್ದೆ. ಮೂರು ಕಾಸಿನ ಪ್ಲಾಸ್ಟಿಕ್ ಚಕ್ರದ ಜೊತೆ ಅವರ ಮಿಸ್ತ್ರಿಕೆಯನ್ನೂ ಸುಟ್ಟು ಕೂತಿದ್ದೆ. ನಮ್ಮ ಮನೆಗಳಲ್ಲಿ ದಿನವೂ ನಡೆಯುವುದು ಇದೇ ತಾನೇ? ಹಿರಿಯರು ಏನೋ ಹೇಳುತ್ತಾರೆ, ನಾವು ‘ಹೌದ್ರಿ ಹೌದ್ರಿ’ ಅನ್ನುತ್ತೇವೆ, ಆಮೇಲೆ ನಮಗೆ ಬೇಕಾದ್ದನ್ನು ಮಾಡುತ್ತೇವೆ. ವಾದ ಮಾಡುವಷ್ಟು ಲೆಕ್ಕಕ್ಕೂ ಅವರನ್ನು ಇಟ್ಟುಕೊಂಡಿರುವುದಿಲ್ಲ.

ಕಾರು ಈಗ ಚೆನ್ನಾಗಿ ಓಡುತ್ತಿದೆ. ಸವಣೂರಿಗೆ ಹೋದರೆ ಕಾಕಾ ಚಹಾ ತರಿಸುತ್ತಾರೆ, ಮಗಳ ಸುದ್ದಿ ಕೇಳುತ್ತಾರೆ, ಮಳೆ ಬಗ್ಗೆ ಮಾತಾಡುತ್ತಾರೆ. ಕಾರಿನ ಕಡೆ ಕಣ್ಣು ಹಾಯಿಸುವುದಿಲ್ಲ. ಮೊನ್ನೆ ನಾನೇ ಬೇಕಂತಲೇ, ‘ಕಾಕಾ, ನೀರಿನ ಪೈಪು ಸ್ವಲ್ಪ ಸೋರಾಕತ್ತೈತಿ, ನೋಡ್ತೀರೇನ್ರಿ?’ ಅಂದೆ.

‘ಬಸುಗ ತೋರಸಪಾ’ ಅಂದರು. ಕುರ್ಚಿಯಿಂದ ಏಳಲಿಲ್ಲ.

ನೀವು ಹೇಳಿ, ನಿಮ್ಮ ಮನೆಯ ಹಿರಿಯರ ಜೊತೆ ಕಡೆಯ ಸಲ ಮನಸಾರೆ ಜಗಳ ಆಡಿದ್ದು ಯಾವಾಗ?